ಜೀಪಿನ ಮಾತು, ಮೀಟಿಂಗಿನ ಮಾತು

ಕೊಡಗಿನ ಹೆಂಗಸರ ರಕ್ತಹೀನತೆ ಬಗ್ಗೆ ನಾವು ಮಾಡಿದ ಅಧ್ಯಯನದ ವರದಿ ಅಚ್ಚಾಗಿ ಕೈಗೆ ಬಂದಾಗ ಅದರಲ್ಲೊಂದು ಸಾಲು ಇತ್ತು. ಬೇರೆ ಬೇರೆ ವೃತ್ತಿಯ ಆರೋಗ್ಯ ಸಿಬ್ಬಂದಿ ಕೂಡಿ ಮಾಡಿದ ಕೆಲಸ ಇದು, ಅಂತ. ಸುಳ್ಳೇನಲ್ಲ. ಡಾಕ್ಟರ್ ಇದ್ದರು. ನರ್ಸ್, ಲ್ಯಾಬ್ ಟೆಕ್ನಿಷಿಯನ್, ಡಯಟಿಷಿಯನ್ ಇದ್ದರು. ಮೈಸೂರಿನಿಂದ ಫೋನಿನಲ್ಲೇ ಸಿಗುತ್ತಿದ್ದ ಅಂಕಿಅಂಶದ ಮೇಡಂ ಇದ್ದರು. ಮಾತ್ರೆಯ ಲೆಕ್ಕಕ್ಕೆ ನಾನಿದ್ದೆ, ಫಾರ್ಮಸಿಸ್ಟ್. ಎಲ್ಲರ ಹೆಸರೂ ಸರಿಯಾಗಿ ಬಂದಿತ್ತು. ನನ್ನದು ನಾಲ್ಕನೆಯದು. ಮನೆಯಲ್ಲಿ ತೋರಿಸಿ ಖುಷಿಪಟ್ಟೆ ಕೂಡ. ಆದರೆ ಆ ಸಾಲಿಗೆ ಕಣ್ಣು ಹೋದಾಗೆಲ್ಲ ಏನೋ ಕಸಿವಿಸಿ. ಜಿಗಣೆ ಕಚ್ಚಿ ಬಿಟ್ಟ ಜಾಗ ಇರುತ್ತದಲ್ಲ, ಹಾಗೆ. ನೋವಿರುವುದಿಲ್ಲ, ಕೈ ಮಾತ್ರ ಅಲ್ಲಿಗೇ ಹೋಗುತ್ತಿರುತ್ತದೆ.

ಕೂಡಿ ಮಾಡಿದ್ದು ಎಲ್ಲಿ ಅಂತ ಯೋಚಿಸಿದೆ. ಮೀಟಿಂಗಿನಲ್ಲಂತೂ ಅಲ್ಲ. ಅಲ್ಲಿ ಡಾಕ್ಟರ್ ಮಾತಾಡುತ್ತಿದ್ದರು, ಉಳಿದವರು ತಲೆ ಆಡಿಸುತ್ತಿದ್ದೆವು. ಅವರು ದರ್ಪದ ಮನುಷ್ಯರೇನಲ್ಲ. ‘ನಿಮಗೇನನ್ನಿಸುತ್ತದೆ ಹೇಳಿ’ ಅಂತ ಪ್ರತಿ ಸಲವೂ ಕೇಳುತ್ತಿದ್ದರು. ನಾವೇ ‘ಸರಿ ಇದೆ ಸಾರ್’ ಅಂದು ಚಹಾ ಲೋಟ ಎತ್ತಿಕೊಳ್ಳುತ್ತಿದ್ದೆವು. ಅದೇ ಜನ ಜೀಪು ಹತ್ತಿದರೆ ಬೇರೆಯೇ. ಗೋಣಿಕೊಪ್ಪ ದಾಟಿ ತೋಟದ ಕೆಸರು ದಾರಿಗೆ ಇಳಿದರೆ ಸಾಕು, ಎಲ್ಲರ ಬಾಯಿಯೂ ತೆರೆಯುತ್ತಿತ್ತು. ಯಾವ ಪ್ರಶ್ನೆ ಕೇಳಿದರೆ ಹೆಂಗಸರು ಮುಖ ತಿರುಗಿಸುತ್ತಾರೆ, ಕೂಲಿಯವರ ಯಾವ ಲೈನ್ ಮನೆಯಲ್ಲಿ ರೈಟರ್ (ತೋಟದ ಗುಮಾಸ್ತರು) ಎದುರಿಗೆ ಯಾರೂ ನಿಜ ಹೇಳುವುದಿಲ್ಲ, ಯಾವ ಯಂತ್ರ ತೇವಕ್ಕೆ ಕೈಕೊಡುತ್ತದೆ, ಎಲ್ಲ ಅಲ್ಲೇ ಹೊರಬರುತ್ತಿತ್ತು. ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುವಷ್ಟು ಇಕ್ಕಟ್ಟಿನಲ್ಲಿ ಕೂತಾಗ ಯಾರು ಯಾವ ಹುದ್ದೆ ಅನ್ನುವುದು ಮರೆತುಹೋಗುತ್ತದೋ ಏನೋ.

ನಮ್ಮ ಪ್ರಶ್ನೆ ಸರಳವಾಗಿತ್ತು. ತೋಟದ ಲೈನ್ ಮನೆಗಳಲ್ಲಿ, ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಹೆಂಗಸರಿಗೆ ಕಬ್ಬಿಣಾಂಶದ ಕೆಂಪು ಮಾತ್ರೆ ಸಿಗುತ್ತಿದೆ. ಆದರೂ ರಕ್ತ ಏರುವುದಿಲ್ಲ ಯಾಕೆ? ರಕ್ತ ನೋಡುವುದು, ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ, ಹೆತ್ತವರಿಂದ ಬರುವ ಕಾಯಿಲೆ) ಇದೆಯಾ ನೋಡುವುದು, ಜೊತೆಗೆ ಮೂತ್ರ ಪರೀಕ್ಷೆ. ಇಷ್ಟೇ.

ಆಗಸ್ಟ್ 4

ದಕ್ಷಿಣ ಕೊಡಗಿನ ಒಂದು ತೋಟ. ಹಿಂದಿನ ರಾತ್ರಿಯಿಂದ ಬಿಡದೆ ಮಳೆ. ಮಕ್ಕಳ ಮನೆಯ ಜಗುಲಿಯಲ್ಲಿ ಬೆಂಚು ಹಾಕಿಕೊಂಡು ಕೂತಿದ್ದೆವು. ಮಸ್ಟರಿಗೆ, ಅಂದರೆ ತೋಟದ ಬೆಳಗಿನ ಹಾಜರಿಗೆ, ಹೋಗುವ ಮುಂಚೆಯೇ ಹೆಂಗಸರು ಬಂದು, ಕೊಟ್ಟ ಡಬ್ಬಿಗಳಲ್ಲಿ ಮೂತ್ರ ಕೊಟ್ಟು ಹೋದರು. ಟೆಕ್ನಿಷಿಯನ್ ಅವನ್ನೆಲ್ಲ ಸಾಲಾಗಿ ಇಟ್ಟು ನಂಬರ್ ಹಚ್ಚುತ್ತಿದ್ದರು. ನಾನು ಖಾಲಿ ಮಾತ್ರೆ ಪಟ್ಟಿಗಳನ್ನು ಎಣಿಸುತ್ತಿದ್ದೆ. ಡಾಕ್ಟರ್ ಬಂದು ಬೆಂಚಿನ ಮುಂದೆ ನಿಂತವರು ಹಾಗೇ ನಿಂತುಬಿಟ್ಟರು. ಮುಕ್ಕಾಲು ಪಾಲು ಡಬ್ಬಿ ಕೆಂಪು. ಕೆಲವು ತಿಳಿ ಗುಲಾಬಿ, ಕೆಲವು ಗಟ್ಟಿ ಕೆಂಪು.

ಅವರು ದಾವಣಗೆರೆ ಕಡೆಯವರು. ಕೊಡಗಿಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಮೊದಲು ಅವರ ಬಾಯಿಂದ ಬಂದ ಮಾತು ‘ಇಲಿ ಜ್ವರ’. ಮಳೆಗಾಲ, ನಿಂತ ನೀರು, ಬರಿಗಾಲಲ್ಲಿ ಕೆಲಸ, ಅನುಮಾನ ಪಡಲು ಬೇಕಾದ್ದೆಲ್ಲ ಇತ್ತು. ಆಮೇಲೆ ಸಿಕಲ್ ಸೆಲ್ ಅಂದರು. ಅದೂ ಸರಿಯೇ. ಸಿಕಲ್ ಸೆಲ್ ಇದ್ದವರಲ್ಲಿ, ಕಾಯಿಲೆ ಇಲ್ಲದೆ ಸುಮ್ನೆ ವಾಹಕರಾಗಿರುವವರಲ್ಲಿ ಕೂಡ, ಮೂತ್ರದಲ್ಲಿ ರಕ್ತ ಹೋಗಬಹುದು. ನರ್ಸ್ ಪಕ್ಕಕ್ಕೆ ಕರೆದು, ‘ಎಷ್ಟು ಜನಕ್ಕೆ ಈಗ ಮುಟ್ಟು ಅಂತ ಕೇಳ್ತೀನಿ ತಡೀರಿ’ ಅಂದರು. ಡಯಟಿಷಿಯನ್ ‘ಬೀಟ್‌ರೂಟ್ ತಿಂದಿದ್ದಾರಾ?’ ಅಂದರು. ನನ್ನ ತಲೆಯಲ್ಲಿ ಓಡಿದ್ದು ಟಿಬಿ ಮಾತ್ರೆ. ರಿಫಾಂಪಿಸಿನ್ ನುಂಗಿದರೆ ಮೂತ್ರ ಕಿತ್ತಳೆ ಕೆಂಪಾಗುತ್ತದೆ, ಕಣ್ಣೀರಿಗೂ ಬಣ್ಣ ಬರುತ್ತದೆ. ಒಂದೇ ತೋಟದಲ್ಲಿ ಇಷ್ಟು ಜನಕ್ಕೆ ಟಿಬಿ ಇದೆಯಾ ಅಂತ ಗಾಬರಿಯಾದೆ. ಈಗ ನೆನೆದರೆ ನಗು ಬರುತ್ತದೆ. ಐದು ಜನ ಒಂದೇ ಬೆಂಚು ನೋಡಿದೆವು, ಒಬ್ಬೊಬ್ಬರಿಗೂ ಅವರವರ ಪಠ್ಯಪುಸ್ತಕವೇ ಕಂಡಿತು.

ಟೆಕ್ನಿಷಿಯನ್ ಒಬ್ಬರೇ ಏನೂ ಹೇಳಲಿಲ್ಲ. ಒಂದು ಟ್ಯೂಬನ್ನು ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸಿದರು. ತೆಗೆದು ಬೆಳಕಿಗೆ ಹಿಡಿದರು. ನಿಜವಾಗಿ ರಕ್ತಕಣ ಇದ್ದರೆ ತಳದಲ್ಲಿ ಕೆಂಪಗೆ ಕೂರಬೇಕು, ಮೇಲೆ ತಿಳಿಯಾಗಬೇಕು. ಇದರಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ. ತಳದಲ್ಲಿ ಏನೂ ಇಲ್ಲ. ಅವರು ತಮ್ಮ ಪುಟ್ಟ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಡಾಕ್ಟರ್ ಅಷ್ಟರಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಕೊಡೆ ಹಿಡಿದು ಏರು ಹತ್ತುತ್ತಿದ್ದರು, ಮೇಲಿನವರಿಗೆ ವಿಷಯ ತಿಳಿಸಲು.

ಆಶಾ ಕಾರ್ಯಕರ್ತೆ ಬಂದಿದ್ದು ಆಗ. ದೂರದ ಲೈನಿನಿಂದ ಇಬ್ಬರು ಹೆಂಗಸರನ್ನು ಕರೆದುಕೊಂಡು, ಪ್ಲಾಸ್ಟಿಕ್ ಹೊದ್ದುಕೊಂಡು, ಕೆಸರಿನಲ್ಲಿ ಕಾಲೆಳೆಯುತ್ತ ಬಂದರು. ಬೆಂಚು ನೋಡಿದರು. ನಮ್ಮ ಮುಖ ನೋಡಿದರು. ಬಾಯಿಗೆ ಸೆರಗು ಅಡ್ಡ ಹಿಡಿದು ನಗಲು ಶುರು ಮಾಡಿದರು.

‘ಅಯ್ಯೋ, ನಿನ್ನೆ ಕಕ್ಕಡ ಹದಿನೆಂಟಲ್ವಾ? ಮದ್ದು ಸೊಪ್ಪಿನ ಪಾಯಸ ತಿಂದಿರ್ತಾರೆ. ದೊಡ್ಡ ಮನೆಯಿಂದ ಲೈನಿಗೆಲ್ಲ ಕೊಟ್ಟು ಕಳಿಸಿದ್ರು.’

ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಡವರ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ಕ್ಕೆ, ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನುವ ನಂಬಿಕೆ. ಅವತ್ತು ಆ ಗಿಡದ ಪರಿಮಳವೇ ಬೇರೆ ಅನ್ನುತ್ತಾರೆ. ಸೊಪ್ಪು ಬೇಯಿಸಿದರೆ ನೀರು ಕಡು ನೇರಳೆ. ಅದರಲ್ಲಿ ಪಾಯಸ, ಹಿಟ್ಟು, ಹಲ್ವ, ಏನು ಮಾಡಿ ತಿಂದರೂ ಮಾರನೇ ದಿನ ಮೂತ್ರ ಕೆಂಪು. ಕೆಂಪಾದರೆ ಮದ್ದು ಮೈಗೆ ಹಿಡಿಯಿತು ಅಂತ ಮನೆಯವರಿಗೆ ಸಮಾಧಾನ. ನಮ್ಮ ಡ್ರೈವರ್ ಜೀಪಿನಿಂದಲೇ ಕೂಗಿದರು: ‘ಬೆಳಿಗ್ಗೆ ನಂದೂ ಹಂಗೇ ಇತ್ತು ಸಾರ್!’ ಡಾಕ್ಟರಿಗೆ ಏರಿನ ಮೇಲೆ ಅದೃಷ್ಟಕ್ಕೆ ನೆಟ್‌ವರ್ಕ್ ಸಿಕ್ಕಿರಲಿಲ್ಲ.

ವರದಿಯಲ್ಲಿ ಇದು ಹೇಗೆ ಬಂತು ಗೊತ್ತಾ? ‘ತಾಂತ್ರಿಕ ಕಾರಣಗಳಿಂದ ಕೆಲವು ಮಾದರಿಗಳನ್ನು ಕೈಬಿಡಲಾಯಿತು.’

ನಗು ಮುಗಿದ ಮೇಲೆ ನನಗೆ ಉಳಿದ ಪ್ರಶ್ನೆ ಬೇರೆ. ಆ ತಾರೀಕು ಗೊತ್ತು ಮಾಡಿದ್ದು ಜೂನ್ ತಿಂಗಳ ಮೀಟಿಂಗಿನಲ್ಲಿ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಅರ್ಧ ಗಂಟೆ ಚರ್ಚೆ ನಡೆದಿತ್ತು. ಪರೀಕ್ಷೆ ಯಾವಾಗ, ಯಾರ ರಜೆ ಯಾವಾಗ, ಜೀಪು ಎಂದು ಸಿಗುತ್ತದೆ, ಎಲ್ಲ ನೋಡಿದೆವು. ಟೆಕ್ನಿಷಿಯನ್ ನಾಪೋಕ್ಲು ಕಡೆಯವರು. ಅವತ್ತು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ಆಮೇಲೊಂದು ದಿನ ಕೇಳಿದೆ, ನಿಮಗೆ ಹೊಳೆಯಲಿಲ್ವಾ ಅಂತ. ‘ಹೊಳೀತು. ಆದ್ರೆ ಸಂಶೋಧನೆ ಮೀಟಿಂಗಲ್ಲಿ ಹಬ್ಬದ ವಿಷಯ ಹೇಳೋದಾ ಅನ್ನಿಸ್ತು’ ಅಂದರು. ಆ ಪುಟ್ಟ ಪುಸ್ತಕದಲ್ಲಿ ಏನು ಬರೆದಿರಿ ಅಂದೆ. ತೆಗೆದು ತೋರಿಸಿದರು. ಟ್ಯೂಬಿನ ನಂಬರ್, ಪಕ್ಕದಲ್ಲಿ ‘ಬಣ್ಣ ಮಾತ್ರ, ಕಣ ಇಲ್ಲ, ಮದ್ದು ಸೊಪ್ಪು’. ಆಶಾ ಬರುವುದಕ್ಕೂ ಮೊದಲೇ ಬರೆದದ್ದು! ಫಾರಂನಲ್ಲಿ ಯಾಕೆ ಹಾಕಲಿಲ್ಲ? ಫಾರಂನಲ್ಲಿ ರಕ್ತಕ್ಕೆ ಇದ್ದದ್ದು ನಾಲ್ಕೇ ಚೌಕ. ಇಲ್ಲ, ಒಂದು ಪ್ಲಸ್, ಎರಡು ಪ್ಲಸ್, ಮೂರು ಪ್ಲಸ್. ಪಾಯಸಕ್ಕೆ ಚೌಕ ಇರಲಿಲ್ಲ.

ಒಂದು ಪದ, ಮೂರು ಅರ್ಥ

ಇನ್ನೊಂದು ತಮಾಷೆ ಹೇಳಬೇಕು. ಮೊದಲ ತಿಂಗಳೆಲ್ಲ ನಾವು ‘ಸ್ಯಾಂಪಲ್’ ಅನ್ನುವ ಪದ ಬಳಸಿ ಸಲೀಸಾಗಿ ಮಾತಾಡಿಕೊಂಡೆವು. ಅಂಕಿಅಂಶದ ಮೇಡಂಗೆ ಸ್ಯಾಂಪಲ್ ಅಂದರೆ ಆರಿಸಿದ ಜನರ ಗುಂಪು. ಟೆಕ್ನಿಷಿಯನ್‌ಗೆ ಸ್ಯಾಂಪಲ್ ಅಂದರೆ ಟ್ಯೂಬು. ಔಷಧಿ ಅಂಗಡಿಯಲ್ಲಿ ಬೆಳೆದ ನನಗೆ ಸ್ಯಾಂಪಲ್ ಅಂದರೆ ಕಂಪನಿಯವರು ಪುಕ್ಕಟೆ ಕೊಟ್ಟು ಹೋಗುವ ಮಾತ್ರೆ. ‘ನೂರು ಸ್ಯಾಂಪಲ್ ಆಯ್ತು’ ಅಂತ ಟೆಕ್ನಿಷಿಯನ್ ಹೇಳಿದರೆ ಮೇಡಂ ನೂರು ಜನ ಅಂದುಕೊಂಡರು. ಒಬ್ಬೊಬ್ಬರದ್ದು ಎರಡೆರಡು ಟ್ಯೂಬು. ಎರಡು ವಾರ ಆದ ಮೇಲೆ ಗೊತ್ತಾಯಿತು, ಐವತ್ತೇ ಜನ ಅಂತ. ಯಾರ ತಪ್ಪೂ ಅಲ್ಲ. ಭಾಷೆ ಬೇರೆ ಇದ್ದರೆ ಅರ್ಥವಾಗಲಿಲ್ಲ ಅಂತ ಗೊತ್ತಾದರೂ ಆಗುತ್ತದೆ. ಒಂದೇ ಪದ ಇದ್ದರೆ ಆ ಅನುಮಾನವೂ ಬರುವುದಿಲ್ಲ.

ಹಿಮೋಗ್ಲೋಬಿನ್ ವಿಷಯದಲ್ಲೂ ಹೀಗೇ. ಗರ್ಭಿಣಿಯರಲ್ಲದ ಹೆಂಗಸರಿಗೆ ನೂರು ಮಿಲಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ನಾವೆಲ್ಲ ಉರು ಹೊಡೆದವರು. ‘ಆ ಊರು ಸಮುದ್ರ ಮಟ್ಟದಿಂದ ಎಷ್ಟು ಎತ್ತರ?’ ಅಂತ ಕೇಳಿದ್ದು ಮೈಸೂರಿನಲ್ಲಿ ಕೂತ ಮೇಡಂ. ಎತ್ತರ ಏರಿದ ಹಾಗೆ ಗಾಳಿ ತೆಳುವಾಗುತ್ತದೆ, ಮೈ ತಾನೇ ಹಿಮೋಗ್ಲೋಬಿನ್ ಜಾಸ್ತಿ ಮಾಡಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಂದ ಹೊಸ ಮಾರ್ಗಸೂಚಿಯಲ್ಲಿ 500ರಿಂದ 999 ಮೀಟರ್ ಎತ್ತರಕ್ಕೆ 0.4 ಗ್ರಾಂ, 1000ದಿಂದ 1499 ಮೀಟರ್‌ವರೆಗೆ 0.8 ಗ್ರಾಂ ಕಳೆದು ನೋಡಿ ಅಂತಿದೆ. ಮಡಿಕೇರಿ 1100 ಮೀಟರ್ ದಾಟುತ್ತದೆ. ಅಂದರೆ ಮಂಗಳೂರಿನಲ್ಲಿ 12.2 ಇದ್ದವಳು ಆರೋಗ್ಯವಂತೆ, ಮಡಿಕೇರಿಯಲ್ಲಿ 12.2 ಇದ್ದವಳಿಗೆ ರಕ್ತ ಸಾಲದು. ವರ್ಷಗಟ್ಟಲೆ ಬೆಟ್ಟದ ಮೇಲೇ ಕೂತು ರಕ್ತ ನೋಡುತ್ತಿದ್ದ ನಮಗೆ ಬೆಟ್ಟವೇ ಕಂಡಿರಲಿಲ್ಲ.

ಒಬ್ಬಳೇ ಹೆಂಗಸು, ನಾಲ್ಕು ಉತ್ತರ

ಮದ್ದು ಸೊಪ್ಪಿನದು ನಗುವ ಕತೆ. ಇನ್ನೊಂದು ಅಷ್ಟು ನಗುವಂಥದ್ದಲ್ಲ, ಯಾಕೆಂದರೆ ಅದರಲ್ಲಿ ತಪ್ಪು ನನ್ನದು.

ಲೈನ್ ಮನೆಯ ಒಬ್ಬ ಹೆಂಗಸು. ವಯಸ್ಸು ಮೂವತ್ತರ ಆಸುಪಾಸು. ಆರು ತಿಂಗಳಿಂದ ಕೆಂಪು ಮಾತ್ರೆ ಪಡೆಯುತ್ತಿದ್ದಳು, ಹಿಮೋಗ್ಲೋಬಿನ್ ಮಾತ್ರ ಇದ್ದಲ್ಲೇ ಇತ್ತು. ಡಾಕ್ಟರ್ ಕೇಳಿದರು, ಮಾತ್ರೆ ತಗೊಳ್ತೀಯಾ? ‘ಹೂಂ, ದಿನಾ.’ ನಾನು ಪಟ್ಟಿ ಎಣಿಸಿದೆ. ಮಾತ್ರೆ ಉಳಿದಿತ್ತು. ಕೇಳಿದ್ದಕ್ಕೆ, ‘ಕೆಲವು ದಿನ ಮರೀತೀನಿ’ ಅಂದಳು. ನರ್ಸ್ ಒಳಗೆ ಹೋಗಿ ಕೂತು ಮಾತಾಡಿಸಿದಾಗ, ‘ಮಲ ಕಪ್ಪಗಾಗುತ್ತೆ, ಹೆದರಿಕೆ’ ಅಂದಳಂತೆ. ಡಯಟಿಷಿಯನ್ ಕೇಳಿದ ರೀತಿಯೇ ಬೇರೆ. ಮಾತ್ರೆ ತಗೊಳ್ತೀಯಾ ಅನ್ನಲಿಲ್ಲ. ‘ಬೆಳಿಗ್ಗೆ ಎದ್ದು ಏನೇನು ಮಾಡ್ತೀಯ ಹೇಳು’ ಅಂದರು. ಎದ್ದು ಒಲೆ ಹಚ್ಚಿ, ಮಕ್ಕಳಿಗೆ ಗಂಜಿ ಇಟ್ಟು, ಮಸ್ಟರಿಗೆ ಹೊತ್ತಾಗುತ್ತದೆ ಅಂತ ಒಂದು ದೊಡ್ಡ ಲೋಟ ಬೆಲ್ಲದ ಕಪ್ಪು ಕಾಫಿ. ‘ಅದರಲ್ಲೇ ಮಾತ್ರೆ ನುಂಗ್ತೀನಿ. ಬರೀ ನೀರಲ್ಲಿ ನುಂಗಿದ್ರೆ ಹೊಟ್ಟೆ ತೊಳಸುತ್ತೆ.’

ಕಾಫಿ ಜೊತೆ ನುಂಗಿದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಚಹಾ, ಕಾಫಿಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಗಂಟೆ ಅಂತರ ಇಟ್ಟು, ಒಂದಿಷ್ಟು ನಿಂಬೆರಸದ ಜೊತೆಗೋ ಕಿತ್ತಳೆ ಜೊತೆಗೋ ನುಂಗಿದರೆ ಬೇರೆ ಲೆಕ್ಕ. ಇದು ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಅಷ್ಟೇ ಅಲ್ಲ, ಜನ ಕಾಫಿಯಲ್ಲೇ ನುಂಗುತ್ತಾರೆ ಅನ್ನುವುದೂ ಗೊತ್ತಿತ್ತು. ಔಷಧಿ ಕೊಡುವ ಕಿಟಕಿಯ ಹಿಂದೆ ಹತ್ತು ವರ್ಷ ನಿಂತವನು ನಾನು. ‘ಕಾಫಿ ಕುಡಿದು ತಗೋಬೇಕಾ, ಕಾಫಿ ಜೊತೆ ತಗೋಬೇಕಾ’ ಅಂತ ಎಷ್ಟು ಜನ ಕೇಳಿಲ್ಲ! ಪ್ರಶ್ನಾವಳಿ ತಯಾರಾಗುವಾಗ ಇದನ್ನು ಸೇರಿಸಿ ಅಂತ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ನನ್ನನ್ನು ಕರೆದದ್ದು ಮಾತ್ರೆ ಎಣಿಸಲು, ಹಾಗಾಗಿ ಎಣಿಸಿದೆ. ಟೆಕ್ನಿಷಿಯನ್ ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದವನು ನಾನೇ ಅಲ್ವಾ. ನನ್ನದು ಅವರಿಗಿಂತ ಕೆಟ್ಟದ್ದು. ಅವರಿಗೆ ಸಂಕೋಚ ಇತ್ತು. ನನಗೆ ಇದ್ದದ್ದು ಸೋಮಾರಿತನ ಮತ್ತು ಒಂದು ಚೂರು ಬಿಗುಮಾನ. ಕೇಳಿದರೆ ಹೇಳೋಣ, ಅಂತ.

ಆವತ್ತು ಸಂಜೆ ಜಗಳವೇ ಆಯಿತು. ನಾಲ್ಕು ಉತ್ತರದಲ್ಲಿ ಯಾವುದನ್ನು ದಾಖಲಿಸುವುದು? ಡಾಕ್ಟರಿಗೆ ಒಂದು ಉತ್ತರ ಬೇಕು, ಹೌದು ಅಥವಾ ಇಲ್ಲ. ನಾನು ನನ್ನ ಎಣಿಕೆಯೇ ನಿಜ ಅಂದೆ. ಮಾತ್ರೆ ಸುಳ್ಳು ಹೇಳುವುದಿಲ್ಲ, ಅಂತ ದೊಡ್ಡದಾಗಿ ಹೇಳಿಬಿಟ್ಟೆ. ನರ್ಸಿಗೆ ಸಿಟ್ಟು ಬಂತು: ‘ಪಟ್ಟಿ ಖಾಲಿ ಆದ ಮಾತ್ರಕ್ಕೆ ಹೊಟ್ಟೆಗೆ ಹೋಯ್ತು ಅಂತನಾ? ಮಗು ಆಟಕ್ಕೆ ಬಿಡಿಸಿ ಬಿಸಾಕಿರಬಹುದು, ಅತ್ತೆ ನುಂಗಿರಬಹುದು.’ ಫೋನಿನಲ್ಲಿದ್ದ ಮೇಡಂ ಎಲ್ಲ ಕೇಳಿಸಿಕೊಂಡು, ನಾಲ್ಕನ್ನೂ ಬರೆಯಿರಿ ಅಂದರು. ಪಕ್ಕದಲ್ಲಿ ಯಾರು ಕೇಳಿದ್ದು ಅಂತಲೂ ಬರೆಯಿರಿ. ಡಾಕ್ಟರ್ ಕೇಳಿದರೆ ಒಂದು, ನರ್ಸ್ ಕೇಳಿದರೆ ಇನ್ನೊಂದು ಉತ್ತರ ಬರುತ್ತದೆ ಅನ್ನುವುದೇ ಒಂದು ಮಾಹಿತಿ ಅಲ್ವಾ ಅಂದರು. ಹೊಸ ಚೌಕ ಬಂದದ್ದು ಹಾಗೆ. ಕೇಳಿದವರು ಯಾರು, ಯಾರ ಎದುರಿಗೆ ಕೇಳಿದ್ದು. ನನ್ನ ಪ್ರಕಾರ ಇಡೀ ಅಧ್ಯಯನದಲ್ಲಿ ನಾವು ನಿಜವಾಗಿ ಕೂಡಿ ಮಾಡಿದ ಕೆಲಸ ಅಂದರೆ ಆ ಒಂದು ಚೌಕ. ಅದೂ ಜಗಳ ಆಡಿದ್ದಕ್ಕೆ ಬಂತು.

ಹೆಸರಿನ ವಿಷಯ

ವೈದ್ಯಕೀಯ ಪತ್ರಿಕೆಗಳಲ್ಲಿ ಯಾರು ಲೇಖಕರು ಅನ್ನುವುದಕ್ಕೆ ವೈದ್ಯಕೀಯ ಸಂಪಾದಕರ ಒಂದು ಅಂತರರಾಷ್ಟ್ರೀಯ ಸಮಿತಿ ಮಾಡಿದ ನಾಲ್ಕು ನಿಯಮ ಇವೆ. ಕೆಲಸದಲ್ಲಿ ದೊಡ್ಡ ಪಾಲು ಇರಬೇಕು, ಬರವಣಿಗೆಯಲ್ಲಿ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ನಾಲ್ಕನೆಯದು 2013ರಲ್ಲಿ ಸೇರಿದ್ದು: ಬರೆದದ್ದಕ್ಕೆಲ್ಲ ಹೊಣೆ ಹೊರಬೇಕು. ನಾಲ್ಕೂ ಇರಬೇಕು. ನಿಯಮ ಒಳ್ಳೆಯದೇ. ಏನೂ ಮಾಡದ ದೊಡ್ಡವರ ಹೆಸರು ತೂರಿಸುವುದನ್ನು ತಡೆಯುತ್ತದೆ. ಆದರೆ ಇಂಗ್ಲಿಷಿನಲ್ಲಿ ಬರೆಯುವ ಲೇಖನದಲ್ಲಿ ಆಶಾ ಕಾರ್ಯಕರ್ತೆಯ ಕೈ ಇರುವುದಾದರೂ ಹೇಗೆ? ಅದೇ ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ. ಕೆಲಸ ಮಾಡಿದವರಿಗೆ ಬರವಣಿಗೆಯಲ್ಲಿ, ಒಪ್ಪಿಗೆಯಲ್ಲಿ ಸೇರುವ ಅವಕಾಶ ಕೊಡಬೇಕು, ಅವಕಾಶ ಕೊಡದೆ ಅದೇ ನೆಪದಲ್ಲಿ ಬಿಡಬಾರದು, ಅಂತ. ಆ ಸಾಲನ್ನು ನಾವು ಯಾರೂ ಜೋರಾಗಿ ಓದಲಿಲ್ಲ.

ಲೈನ್ ಮನೆಯಲ್ಲಿ ಕನ್ನಡ ಬಾರದವರಿಗೆ, ಹಾಡಿಯಲ್ಲಿ ಯರವ ಮಾತಾಡುವ ಅಜ್ಜಿಯರಿಗೆ ನಮ್ಮ ಪ್ರಶ್ನೆ ದಾಟಿಸಿದವರು ಆಕೆ. ಫಾರಂನಲ್ಲಿ ‘ಆಯಾಸ’ ಅಂತಿತ್ತು. ಆಕೆ ಅದನ್ನು ‘ನೀರು ತರುವಾಗ ಎಷ್ಟು ಸಲ ಕೊಡ ಇಳಿಸ್ತೀರಿ’ ಅಂತ ಕೇಳುತ್ತಿದ್ದರು. ನಮ್ಮ ಇಡೀ ಪ್ರಶ್ನಾವಳಿಯಲ್ಲಿ ಸರಿಯಾದ ಪ್ರಶ್ನೆ ಅದೊಂದೇ ಇತ್ತೇನೋ. ಆಶಾಗಳಿಗೆ ಸಂಬಳ ಇಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಅಂತ ಪ್ರೋತ್ಸಾಹಧನ. 2005ರಲ್ಲಿ ಶುರುವಾದಾಗಿನಿಂದ ಅವರನ್ನು ಸ್ವಯಂಸೇವಕಿಯರು ಅಂತಲೇ ಕರೆಯುವುದು. ನಮ್ಮ ವರದಿಯ ಕೊನೆಯಲ್ಲಿ ‘ಕ್ಷೇತ್ರ ಸಿಬ್ಬಂದಿಗೆ ಧನ್ಯವಾದ’ ಅಂತ ಇದೆ. ಡ್ರೈವರ್, ಆಶಾ, ರೈಟರ್ ಎಲ್ಲ ಅದರೊಳಗೇ.

ಕೊನೆಯ ಮೀಟಿಂಗ್

ಫಲಿತಾಂಶ ಹೇಳುವ ಮೀಟಿಂಗಿಗೆ ಆಶಾ ಕಾರ್ಯಕರ್ತೆಯನ್ನೂ ಕರೆಯೋಣ ಅಂದೆ. ಡಾಕ್ಟರ್ ತಕ್ಷಣ ಒಪ್ಪಿದರು, ನಾವೇ ಮೊದಲು ಯೋಚಿಸಬೇಕಿತ್ತು ಅಂದರು. ಆಕೆ ಬಂದರು, ಹೊಸ ಸೀರೆ ಉಟ್ಟುಕೊಂಡು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಮುಂದೆ ಬನ್ನಿ ಅಂದರೂ ಬರಲಿಲ್ಲ. ಡಾಕ್ಟರ್ ಚೆನ್ನಾಗಿ ಮಾತಾಡಿದರು. ಸಿಕಲ್ ಸೆಲ್ ಕಾರ್ಡಿನ ವಿಷಯ ಬಂತು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಪರೀಕ್ಷೆ ಮಾಡಿಸಿಕೊಂಡವರಿಗೆ ಕಾರ್ಡು ಕೊಡುತ್ತಾರೆ. ಕಾಯಿಲೆ ಇದೆಯಾ, ವಾಹಕರಾ, ಏನೂ ಇಲ್ವಾ ಅಂತ ಅದರಲ್ಲಿ ಇರುತ್ತದೆ. ಗಂಡು ಹೆಣ್ಣು ಇಬ್ಬರೂ ವಾಹಕರಾದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮದುವೆಗೆ ಮೊದಲು ಕಾರ್ಡು ನೋಡಿಕೊಳ್ಳಿ ಅನ್ನುವುದು ಸಲಹೆ. ‘ಹಾಡಿಯಲ್ಲಿ ಕಾರ್ಡಿಗೆ ಜನ ಹೇಗೆ ಸ್ಪಂದಿಸಿದರು?’ ಅಂತ ಡಾಕ್ಟರ್ ಆಕೆಯನ್ನೇ ನೇರ ಕೇಳಿದರು. ಆಕೆ ಎದ್ದು ನಿಂತು, ‘ಚೆನ್ನಾಗಿ ಸಹಕಾರ ಕೊಟ್ಟರು ಸಾರ್’ ಅಂದು ಕೂತರು.

ಸಂಜೆ ಆಕೆಯನ್ನು ಊರಿಗೆ ಬಿಡಲು ಅದೇ ಜೀಪು ಹೊರಟಿತು. ಹಿಂದಿನ ಸೀಟಿನಲ್ಲಿ ಆಕೆ, ಟೆಕ್ನಿಷಿಯನ್, ನಾನು. ತೋಟದ ದಾರಿ ಶುರುವಾಗುತ್ತಿದ್ದ ಹಾಗೆ ಆಕೆ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತರು.

‘ಆ ಕಾರ್ಡು ಇದೆಯಲ್ಲ,’ ಅಂದರು, ‘ಒಂದು ಮನೇಲಿ ಒಲೆಗೆ ಹಾಕಿದ್ರು. ಹುಡುಗಿ ವಾಹಕ ಅಂತ ಬಂದಿತ್ತು. ಗಂಡಿನ ಕಡೆಯವರು ನೋಡಿಬಿಟ್ರೆ ಅಂತ. ಇನ್ನೊಂದು ಮನೇಲಿ ಅಕ್ಕನ ಕಾರ್ಡನ್ನ ತಂಗೀದು ಅಂತ…’

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದೆ.

ಆಕೆ ಪುಸ್ತಕ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿದರು.

‘ಈ ಸಲ ಮಳೆ ಜಾಸ್ತಿ ಅಲ್ವಾ ಸಾರ್’ ಅಂದರು.